ನಿವೃತ್ತಿಯ ನಂತರದ ಮನೆ: ಪಕ್ಕದಲ್ಲಿ ಹೋಂಸ್ಟೇ ಇದ್ದರೆ?



ಉಳಿತಾಯ, ಸಾಲ, ಮರುಪಾವತಿ, ಮಕ್ಕಳ ಓದು, ಆರೋಗ್ಯ - ಇವುಗಳ ಬಗ್ಗೆ ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಮಾತಾಡಿದ್ದೇವೆ. ಆದರೆ ದುಡಿಮೆ ನಿಂತ ಮೇಲೆ ನಾವು ಎಲ್ಲಿ ಇರುವುದು ಎಂಬ ಮಾತು ಸಭೆಗೆ ಬರುವುದೇ ಕಡಿಮೆ. ಚಿಕ್ಕಮಗಳೂರು, ಕೊಡಗು, ಸಕಲೇಶಪುರದ ಕಡೆಯ ನಮಗೆ ಈ ಪ್ರಶ್ನೆಯ ಜೊತೆ ಈಗ ಇನ್ನೊಂದು ವಿಷಯ ಸೇರಿಕೊಂಡಿದೆ. ಅದು ದಿನದ ಬಾಡಿಗೆಗೆ ಕೊಡುವ ಮನೆಗಳು. ಹೋಂಸ್ಟೇ ಅಂತೇವೆ, ಕಾಟೇಜ್ ಅಂತೇವೆ, ವಿಲ್ಲಾ ಅಂತಾನೂ ಬೋರ್ಡ್ ಹಾಕಿರುತ್ತಾರೆ. ವಯಸ್ಸಾದವರು ಹೊಸದಾಗಿ ಮನೆ ಕೊಳ್ಳುವಾಗ ಅಥವಾ ಬಾಡಿಗೆಗೆ ಹಿಡಿಯುವಾಗ ಅಕ್ಕಪಕ್ಕದಲ್ಲಿ ಇಂಥ ಮನೆ ಇದ್ದರೆ ಏನು ನೋಡಬೇಕು ಎಂಬುದು ಈ ತಿಂಗಳ ಪಾಠ. ಸಂಘದಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ನಡುವೆ ನಿಲ್ಲಿಸಿ ಮಾತಾಡಿಕೊಂಡರೂ ಸರಿ.

ಒಂದೇ ಸಲ ಬರುವ ಹಣ

ನಮ್ಮಲ್ಲಿ ಅನೇಕರು ಹುಟ್ಟಿದ್ದು, ಮದುವೆಯಾಗಿ ಬಂದದ್ದು, ಮಕ್ಕಳನ್ನು ಹೆತ್ತದ್ದು ಎಲ್ಲವೂ ಎಸ್ಟೇಟಿನ ಲೈನ್ ಮನೆಯಲ್ಲಿ. ತೋಟದ ಕಾರ್ಮಿಕರಿಗೆ ಮಾಲೀಕರು ವಸತಿ ಕೊಡಬೇಕು ಎಂಬುದು 1951ರ ತೋಟ ಕಾರ್ಮಿಕರ ಕಾಯ್ದೆಯಿಂದ ಬಂದ ಹಕ್ಕು. ಆದರೆ ಆ ಮನೆ ಕೆಲಸದ ಜೊತೆಗಿನ ಮನೆ. ಕೆಲಸ ಮುಗಿದರೆ, ಮಗನೋ ಸೊಸೆಯೋ ಅದೇ ತೋಟದಲ್ಲಿ ಇಲ್ಲದಿದ್ದರೆ, ಮನೆ ಬಿಡಬೇಕಾಗುತ್ತದೆ. ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದ ಅಡುಗೆಯವರು ಸಹ 60 ವರ್ಷಕ್ಕೆ ಕೆಲಸ ಬಿಡುತ್ತಾರೆ. ಅವರಲ್ಲಿ ಸ್ವಂತ ಮನೆ ಇಲ್ಲದವರೂ ಇದ್ದಾರೆ.

ಒಂದು ಲೆಕ್ಕ ಹಾಕೋಣ. ನಮ್ಮ ಉದಾಹರಣೆಯ ಹೆಂಗಸನ್ನು ದೊಡ್ಡಕ್ಕ ಎಂದು ಕರೆಯೋಣ. 30 ವರ್ಷ ಒಂದೇ ತೋಟದಲ್ಲಿ ಕೆಲಸ ಮಾಡಿದ್ದಾರೆ. ಗ್ರಾಚ್ಯುಟಿ ಅಂದರೆ ಪ್ರತಿ ವರ್ಷದ ಸೇವೆಗೆ 15 ದಿನದ ಕೂಲಿ. ದಿನಗೂಲಿ 450 ರೂಪಾಯಿ ಎಂದು ಇಟ್ಟುಕೊಂಡರೆ ವರ್ಷಕ್ಕೆ 6,750 ಆಯಿತು, 30 ವರ್ಷಕ್ಕೆ 2,02,500 ರೂಪಾಯಿ. ಅದರ ಮೇಲೆ ಪಿ.ಎಫ್. ಹಣ, ಸಂಘದ ಉಳಿತಾಯ, ಬೇಕಿದ್ದರೆ ಸ್ವಲ್ಪ ಸಾಲ. ದೊಡ್ಡಕ್ಕನ ಜೀವಮಾನದಲ್ಲಿ ಇಷ್ಟು ದುಡ್ಡು ಒಟ್ಟಿಗೆ ಕೈಗೆ ಬರುವುದು ಒಂದೇ ಸಲ. ತಪ್ಪು ಮನೆಗೆ ಹಾಕಿದರೆ ಇನ್ನೊಂದು ಸಲ ಹಾಕಲು ಇರುವುದಿಲ್ಲ. ಪೇಟೆಯ ನಿವೃತ್ತ ಅಧಿಕಾರಿಗಳಿಗೆ ಮನೆ ಸರಿಬರದಿದ್ದರೆ ಮಾರಿ ಬೇರೆ ಕಡೆ ಹೋಗುತ್ತಾರೆ. ನಮ್ಮ ದೊಡ್ಡಕ್ಕ ಎಲ್ಲಿಗೆ ಹೋಗಬೇಕು?

ಮಂಗಳವಾರ ನೋಡಿದ ಮನೆ

ದಲ್ಲಾಳಿ ಮನೆ ತೋರಿಸಲು ಕರೆದುಕೊಂಡು ಹೋಗುವುದು ಯಾವಾಗ? ಸಾಧಾರಣವಾಗಿ ವಾರದ ನಡುವೆ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಬೀದಿ ತಣ್ಣಗೆ ಇರುತ್ತದೆ. ಪಕ್ಕದಲ್ಲಿ ಚೆಂದದ ಮನೆ, ಗೇಟಿನ ಹತ್ತಿರ ಹೂವಿನ ಗಿಡ, ಹೆಂಚಿನ ಮೇಲೆ ಹಕ್ಕಿ. "ನೋಡಿ ಅಮ್ಮಾ, ಎಷ್ಟು ಶಾಂತ ಜಾಗ, ವಯಸ್ಸಾದವರಿಗೆ ಹೇಳಿ ಮಾಡಿಸಿದ್ದು" ಅಂತಾನೆ. ಅವನು ಹೇಳಿದ್ದು ಸುಳ್ಳೇನಲ್ಲ, ಮಂಗಳವಾರದ ಮಟ್ಟಿಗೆ ನಿಜ.

ಅದೇ ಬೀದಿಗೆ ಶನಿವಾರ ಸಂಜೆ ಹೋಗಿ. ಬೆಂಗಳೂರಿನಿಂದ ಬಂದ ನಾಲ್ಕು ಕಾರು ರಸ್ತೆಯ ಒಂದು ಬದಿಗೆ ನಿಂತಿರುತ್ತವೆ. ಹಿತ್ತಲಿನಲ್ಲಿ ಬೆಂಕಿ ಹಾಕಿ ಪಾಟ್ಟು, ಕುಣಿತ. ಹತ್ತು ಗಂಟೆಗೆ ನಿಲ್ಲಬೇಕಾದ ಸ್ಪೀಕರ್ ಒಂದು ಗಂಟೆಗೂ ನಿಂತಿರುವುದಿಲ್ಲ. ಗೇಟು ತಪ್ಪಿ ನಿಮ್ಮ ಮನೆ ಬಾಗಿಲು ತಟ್ಟಿ "ಆಂಟಿ, ಹೋಂಸ್ಟೇ ಇದೇನಾ?" ಎಂದು ಕೇಳುವವರೂ ಉಂಟು. ಬಂದವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಅವರೂ ವಾರವಿಡೀ ದುಡಿದು ದಣಿದ ನಮ್ಮದೇ ಮಕ್ಕಳು. ಆದರೆ ಅವರಿಗೆ ಅದು ಎರಡು ದಿನದ ಸಂತೋಷ, ಪಕ್ಕದಲ್ಲಿ ವಾಸ ಇರುವವರಿಗೆ ವರ್ಷಕ್ಕೆ 52 ಶನಿವಾರ. ರಕ್ತದೊತ್ತಡದ ಮಾತ್ರೆ ನುಂಗಿ ಒಂಬತ್ತಕ್ಕೆ ಮಲಗುವ ಹಿರಿಯರಿಗೆ ನಿದ್ದೆ ಕೆಟ್ಟರೆ ಮರುದಿನ ಪೂರ್ತಿ ಕೆಟ್ಟಂತೆ.

ಆದ್ದರಿಂದ ಮನೆಯನ್ನು ಮೂರು ಸಲವಾದರೂ ನೋಡಿ. ಒಮ್ಮೆ ಶನಿವಾರ ರಾತ್ರಿ, ಒಮ್ಮೆ ದಸರಾ ಅಥವಾ ಕ್ರಿಸ್ಮಸ್ ರಜೆಯಲ್ಲಿ, ಇನ್ನೊಮ್ಮೆ ಜೋರು ಮಳೆಯಲ್ಲಿ. ಸಾಧ್ಯವಾದರೆ ಕೊಳ್ಳುವ ಮೊದಲು ಅದೇ ಬೀದಿಯಲ್ಲಿ ಕೆಲವು ತಿಂಗಳು ಬಾಡಿಗೆಗೆ ಇದ್ದು ನೋಡುವುದು ಇನ್ನೂ ಒಳ್ಳೆಯದು. ಬಾಡಿಗೆ ದುಡ್ಡು ಹೋಯಿತು ಎಂದು ಅನ್ನಿಸಬಹುದು, ಆದರೆ ಎರಡು ಲಕ್ಷ ಉಳಿಸುವ ಖರ್ಚು ಅದು.

ರಾತ್ರಿ ಆ ಮನೆಯಲ್ಲಿ ಯಜಮಾನರು ಮಲಗುತ್ತಾರಾ?

ನನ್ನ ಅಭಿಪ್ರಾಯದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇದು. ಹೋಂಸ್ಟೇ ಎಂದರೆ ಮನೆಯವರು ವಾಸವಿದ್ದು, ಉಳಿದ ಕೋಣೆಗಳಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಇದು ಸ್ಪಷ್ಟವಾಗಿದೆ. ಮಾಲೀಕರ ಕುಟುಂಬ ಅಲ್ಲೇ ವಾಸ ಇರಬೇಕು, ಬಾಡಿಗೆಗೆ ಕೊಡುವ ಕೋಣೆ ಒಂದರಿಂದ ಆರು, ಹಾಸಿಗೆ 12ಕ್ಕೆ ಮೀರಬಾರದು. ನಮ್ಮ ರಾಜ್ಯದಲ್ಲಿ ಹೋಂಸ್ಟೇ ನಡೆಸುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು.

ಯಜಮಾನರೇ ಇದ್ದು ನಡೆಸುವ ಹೋಂಸ್ಟೇ ಪಕ್ಕದಲ್ಲಿದ್ದರೆ ಹೆದರಬೇಕಾಗಿಲ್ಲ. ಗಲಾಟೆ ಆದರೆ ಮೊದಲು ಅವರ ನಿದ್ದೆಯೇ ಕೆಡುತ್ತದೆ. ಅವರ ಮಕ್ಕಳೂ ಅದೇ ಶಾಲೆಗೆ ಹೋಗುತ್ತಾರೆ, ಮದುವೆ ಮುಂಜಿ, ಸಾವು ನೋವಿನಲ್ಲಿ ನಿಮ್ಮ ಮುಖ ನೋಡಬೇಕಾಗುತ್ತದೆ. ಮಾತಾಡಿ ಸರಿಮಾಡಿಕೊಳ್ಳಬಹುದು. ತೊಂದರೆ ಇರುವುದು ಇನ್ನೊಂದು ನಮೂನೆಯ ಮನೆಯಲ್ಲಿ. ಮಾಲೀಕರು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುತ್ತಾರೆ, ಬುಕಿಂಗ್ ಮೊಬೈಲಿನಲ್ಲಿ ಆಗುತ್ತದೆ, ಕೀ ಕೊಡಲು ಒಬ್ಬ ಹುಡುಗ ಇರುತ್ತಾನೆ. ರಾತ್ರಿ ಗಲಾಟೆ ಎಂದು ಹೇಳಿದರೆ ಆ ಹುಡುಗ "ನಾನೇನು ಮಾಡ್ಲಿ ಅಕ್ಕಾ, ನನ್ನ ಮಾತು ಅವರು ಕೇಳ್ತಾರಾ?" ಅಂತಾನೆ. ಅವನದೂ ಪಾಪದ ಜೀವ. ಇಂಥ ಮನೆಗೆ ಹೋಂಸ್ಟೇ ಎಂದು ಬೋರ್ಡ್ ಹಾಕಿದರೂ ಅದು ಹೋಂಸ್ಟೇ ಅಲ್ಲ, ಯಜಮಾನನಿಲ್ಲದ ಲಾಡ್ಜ್.

ಇದು ನಮ್ಮ ಮಲೆನಾಡಿಗೆ ಮಾತ್ರ ಬಂದ ಕಷ್ಟ ಅಲ್ಲ. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನೋಂದಣಿ ಮಾಡಿಸಬೇಕು, ಅತಿಥಿಗಳು ಇರುವಾಗ ತಾವೂ ಅದೇ ಮನೆಯಲ್ಲಿ ಇರಬೇಕು ಎಂಬ ಕಾನೂನನ್ನು 2023ರ ಸೆಪ್ಟೆಂಬರಿನಿಂದ ಬಿಗಿಯಾಗಿ ಜಾರಿ ಮಾಡಿದರು. ಸ್ಪೇನಿನ ಬಾರ್ಸಿಲೋನಾ ನಗರದಲ್ಲಿ ಊರಿನವರಿಗೇ ಬಾಡಿಗೆ ಮನೆ ಸಿಗದ ಪರಿಸ್ಥಿತಿ ಬಂದು, 2028ರ ಹೊತ್ತಿಗೆ ಪ್ರವಾಸಿಗರ ಫ್ಲ್ಯಾಟುಗಳ ಪರವಾನಗಿಯನ್ನೆಲ್ಲ ನಿಲ್ಲಿಸುವುದಾಗಿ ಅಲ್ಲಿನ ಮೇಯರ್ 2024ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ಊರುಗಳೂ ಕಡೆಗೆ ಕೇಳಿದ್ದು ಇದನ್ನೇ, ಮನೆಯಲ್ಲಿ ವಾಸ ಇರುವವರು ಯಾರು ಎಂದು.

ವಯಸ್ಸಾದವರಿಗೆ ನೆರೆಯವರೇ ಮೊದಲ ಆಸ್ಪತ್ರೆ

ಶಬ್ದದ ಬಗ್ಗೆ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ದೊಡ್ಡ ನಷ್ಟವೊಂದು ಕಣ್ಣಿಗೆ ಬೀಳುವುದಿಲ್ಲ. ಬೀದಿಯಲ್ಲಿ ಎಂಟು ಮನೆ ಇವೆ ಅನ್ನೋಣ. ಮೂರು ಮನೆ ದಿನದ ಬಾಡಿಗೆಗೆ ಹೋದರೆ ದೊಡ್ಡಕ್ಕನಿಗೆ ನೆರೆಯವರು ಎಂದು ಉಳಿಯುವುದು ನಾಲ್ಕೇ ಮನೆ. ಬಚ್ಚಲಲ್ಲಿ ಜಾರಿ ಬಿದ್ದಾಗ ಕೂಗಿದರೆ ಯಾರಿಗೆ ಕೇಳಬೇಕು? ಎರಡು ದಿನ ಬಾಗಿಲು ತೆರೆಯದಿದ್ದರೆ "ಯಾಕೆ ಅಕ್ಕ ಕಾಣ್ತಾ ಇಲ್ಲ" ಎಂದು ಯಾರು ಬಂದು ನೋಡಬೇಕು? ಸೋಮವಾರದಿಂದ ಗುರುವಾರದವರೆಗೆ ಆ ಮೂರು ಮನೆಗೆ ಬೀಗ. ಶುಕ್ರವಾರ ಬಂದವರಿಗೆ ದೊಡ್ಡಕ್ಕ ಯಾರೆಂದೇ ಗೊತ್ತಿಲ್ಲ.

ಲೈನ್ ಮನೆಯಲ್ಲಿ ಎಷ್ಟೇ ಕಷ್ಟ ಇರಲಿ, ಗೋಡೆಗೆ ಗೋಡೆ ತಾಗಿ ಜನ ಇದ್ದರು. ಕೆಮ್ಮಿದರೆ ಪಕ್ಕದ ಮನೆಗೆ ಕೇಳುತ್ತಿತ್ತು. ಅಲ್ಲಿಂದ ಬಂದವರಿಗೆ ಬೀಗ ಹಾಕಿದ ಬೀದಿಯಲ್ಲಿ ಬದುಕುವುದು ಎಷ್ಟು ಕಷ್ಟ ಎಂಬುದನ್ನು ಮಕ್ಕಳು ಯೋಚಿಸುವುದಿಲ್ಲ. "ಅಮ್ಮನಿಗೆ ಒಳ್ಳೆ ಟೈಲ್ಸ್ ಮನೆ ಕೊಡಿಸಿದೆ" ಎಂದು ಮಗ ಖುಷಿಪಡುತ್ತಾನೆ. ಟೈಲ್ಸ್ ನೋಡುವ ಮೊದಲು ಬೀದಿಯಲ್ಲಿ ಎಷ್ಟು ಮನೆಯಲ್ಲಿ ಸಂಜೆ ದೀಪ ಹತ್ತುತ್ತದೆ ಎಂದು ಎಣಿಸಿ ನೋಡಿ.

ರಸ್ತೆಯ ವಿಷಯವೂ ಇದಕ್ಕೆ ಸೇರಿದೆ. ನಮ್ಮ ಗುಡ್ಡದ ರಸ್ತೆ ಮೊದಲೇ ಸಣ್ಣದು. ಎರಡೂ ಬದಿ ಕಾರು ನಿಂತಿದ್ದರೆ 108 ಆಂಬುಲೆನ್ಸ್ ಒಳಗೆ ಬರಲು ಜಾಗ ಇರುತ್ತದಾ ಎಂದು ಶನಿವಾರವೇ ಹೋಗಿ ನೋಡಬೇಕು.

ನೀರು, ಗುಂಡಿ, ಗುಡ್ಡ

ನೀರಿನ ಲೆಕ್ಕ ಕೇಳಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಇಟ್ಟಿದ್ದಾರೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸಾಧಾರಣ ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ಲೆಕ್ಕ. ಹತ್ತು ಹಾಸಿಗೆ ತುಂಬಿದರೆ 1,800 ಲೀಟರ್. ಅಂದರೆ ಹಳ್ಳಿಯ 32 ಜನರ ನೀರು ಒಂದು ಮನೆಗೆ ಹೋಯಿತು! ಅವರು ಸ್ವಂತ ಬೋರ್‌ವೆಲ್ ಹಾಕಿಸಿದ್ದರೆ ಪಂಚಾಯತಿ ನಲ್ಲಿಗೆ ಹೊರೆ ಇಲ್ಲ, ಆದರೆ ಏಪ್ರಿಲ್‌ನಲ್ಲಿ ನಿಮ್ಮ ಬಾವಿ ಏನಾಗುತ್ತದೆ ಎಂದು ಕೇಳಬೇಕು. ಇದಕ್ಕೆ ಸರಿಯಾದ ಉತ್ತರ ಕೊಡುವವರು ದಲ್ಲಾಳಿ ಅಲ್ಲ, ನೀರುಗಂಟಿ. ಅವರನ್ನು ಹುಡುಕಿ ಮಾತಾಡಿಸಿ.

ಕಕ್ಕಸು ಗುಂಡಿ ಮತ್ತು ಕುಡಿಯುವ ನೀರಿನ ಬಾವಿಯ ನಡುವೆ ಕಡೇಪಕ್ಷ 15 ಮೀಟರ್, ಅಂದರೆ ಸುಮಾರು 50 ಅಡಿ ಇರಬೇಕು. ಒಂದು ಕುಟುಂಬಕ್ಕೆಂದು ತೋಡಿದ ಗುಂಡಿಗೆ ಹತ್ತು ಹನ್ನೆರಡು ಜನ ಸೇರಿದರೆ ಅದು ಬೇಗ ತುಂಬುತ್ತದೆ. ಮಳೆಗಾಲದಲ್ಲಿ ಉಕ್ಕಿ ಕೆಳಗಿನ ಮನೆಗೆ ಹರಿಯುತ್ತದೆ. ನೀವು ನೋಡುವ ಮನೆ ಕೆಳಗಿನ ಮನೆಯಾಗಿದ್ದರೆ ಎರಡು ಸಲ ಯೋಚಿಸಿ.

ಕೆಳಗಿನ ಮನೆ ಎಂದಾಗ ಇನ್ನೊಂದು ಮಾತು. ಒಳ್ಳೆಯ ನೋಟ ಸಿಗಲಿ ಎಂದು ಕಾಟೇಜುಗಳನ್ನು ಗುಡ್ಡದ ಏರಿನಲ್ಲಿ ಕಟ್ಟುತ್ತಾರೆ. ಅದಕ್ಕೆ ಜೆಸಿಬಿಯಲ್ಲಿ ಮಣ್ಣು ಕಡಿದು ಮಟ್ಟ ಮಾಡುತ್ತಾರೆ. ಕಡಿದ ಗುಡ್ಡ ದೊಡ್ಡ ಮಳೆಗೆ ನಿಲ್ಲುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿ ಬಂದದ್ದನ್ನು ನಾವು ಯಾರೂ ಮರೆತಿಲ್ಲ. ಮೇಲ್ಗಡೆ ಕೆಂಪು ಮಣ್ಣಿನ ಹೊಸ ಗಾಯ ಕಾಣುತ್ತಿದ್ದರೆ ಆ ಮನೆ ಎಷ್ಟು ಅಗ್ಗ ಆದರೂ ಬೇಡ.

ಬಾಡಿಗೆಗೆ ಇರುವವರ ಕಷ್ಟ

ಕೊಳ್ಳಲು ಆಗದವರು ಬಾಡಿಗೆಗೆ ಹೋಗುತ್ತಾರೆ. ಇಲ್ಲಿ ಹೋಂಸ್ಟೇಯ ಪೆಟ್ಟು ನೇರವಾಗಿ ಬೀಳುತ್ತದೆ. ತಿಂಗಳಿಗೆ ನಾಲ್ಕು ಸಾವಿರ ಬಾಡಿಗೆ ಬರುವ ಮನೆಯನ್ನು ದಿನಕ್ಕೆ ಎರಡು ಸಾವಿರದಂತೆ ಕೊಟ್ಟರೆ ಎರಡೇ ರಾತ್ರಿಯಲ್ಲಿ ಅಷ್ಟು ಬರುತ್ತದೆ. ಮಾಲೀಕರಿಗೆ ಆಸೆ ಆಗುವುದು ಸಹಜ. "ಅಮ್ಮಾ, ಬೇಸರ ಮಾಡ್ಕೋಬೇಡಿ, ಮುಂದಿನ ತಿಂಗಳು ಮನೆ ಖಾಲಿ ಮಾಡ್ಕೊಡಿ, ಸ್ವಲ್ಪ ರಿಪೇರಿ ಇದೆ" ಅಂತಾರೆ. ರಿಪೇರಿ ಮುಗಿದ ಮೇಲೆ ಬೋರ್ಡ್ ಬರುತ್ತದೆ.

ಬಾಡಿಗೆ ಕರಾರನ್ನು 11 ತಿಂಗಳಿಗೆ ಮಾಡುವುದು ಯಾಕೆ ಗೊತ್ತಾ? ಒಂದು ವರ್ಷಕ್ಕೆ ಮೀರಿದ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಆ ಖರ್ಚು, ಓಡಾಟ ಬೇಡ ಎಂದು 11 ತಿಂಗಳು. ಆದರೆ ಅದರಿಂದ ಪ್ರತಿ ವರ್ಷ ಮನೆ ಹೋಗುವ ಭಯ ಹಿರಿಯರಿಗೆ. ಖರ್ಚಾದರೂ ಪರವಾಗಿಲ್ಲ, ಮೂರು ವರ್ಷದ ಕರಾರು ಮಾಡಿ ನೋಂದಣಿ ಮಾಡಿಸಿಕೊಳ್ಳಿ ಎಂಬುದು ನನ್ನ ಸಲಹೆ. ಖಾಲಿ ಮಾಡಿಸಬೇಕಾದರೆ ಮೂರು ತಿಂಗಳ ಮುಂಚೆ ತಿಳಿಸಬೇಕು, ಜೂನ್‌ನಿಂದ ಸೆಪ್ಟೆಂಬರ್ ತನಕ ಖಾಲಿ ಮಾಡಿಸಬಾರದು ಎಂದು ಬರೆಸಿ. ಭೋಗ್ಯಕ್ಕೆ ಹಾಕಿಕೊಳ್ಳುವವರಂತೂ ನೋಂದಣಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬಿಳಿ ಕಾಗದದ ಮೇಲೆ ಲಕ್ಷಗಟ್ಟಲೆ ಕೊಟ್ಟು ಅಳುವುದು ಬೇಡ.

ಕೊಳ್ಳುವವರು ನೋಡಬೇಕಾದ ಪತ್ರಗಳು ನಿಮಗೆ ಹಿಂದಿನ ಪಾಠಗಳಿಂದ ಗೊತ್ತು: ಕ್ರಯಪತ್ರ, ಋಣಭಾರ ಪತ್ರ, ಪಂಚಾಯತಿಯ ಇ-ಸ್ವತ್ತು ನಮೂನೆ 9 ಮತ್ತು 11. ಹಕ್ಕುಪತ್ರದ ಜಾಗವಾದರೆ ಮಾರಾಟಕ್ಕೆ ನಿರ್ಬಂಧ ಇದೆಯಾ ಎಂದು ತಾಲ್ಲೂಕು ಕಚೇರಿಯಲ್ಲಿ ಕೇಳಿ.

ಅಮ್ಮನ ಮನೆ, ಮಗನ ಹೋಂಸ್ಟೇ

ಇದನ್ನು ಬರೆಯಲು ಸ್ವಲ್ಪ ಸಂಕೋಚ, ಆದರೂ ಬರೆಯಬೇಕು. ಕೆಲವು ಸಲ ಹೋಂಸ್ಟೇ ಪಕ್ಕದ ಮನೆಯಲ್ಲಿ ಅಲ್ಲ, ನಮ್ಮ ಮನೆಯಲ್ಲೇ ಶುರುವಾಗುತ್ತದೆ. ತಾಯಿ ತನ್ನ ಹಣದಲ್ಲಿ ಕೊಂಡ ಮನೆಯನ್ನು "ಲೋನ್ ಬೇಕು ಅಮ್ಮಾ, ನನ್ನ ಹೆಸರಿಗೆ ಮಾಡಿಕೊಡು" ಎಂದು ಮಗ ದಾನಪತ್ರ ಮಾಡಿಸಿಕೊಳ್ಳುತ್ತಾನೆ. ಮುಂದಿನ ಕೋಣೆಗಳಿಗೆ ಬಣ್ಣ ಬರುತ್ತದೆ, ಕಮೋಡ್ ಬರುತ್ತದೆ, ಅತಿಥಿಗಳು ಬರುತ್ತಾರೆ. ತಾಯಿಯ ಮಂಚ ಹಿಂದಿನ ಸೌದೆ ಕೊಟ್ಟಿಗೆಗೆ ಹೋಗುತ್ತದೆ.

2007ರಲ್ಲಿ ಬಂದ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಕಲಮು ಇದಕ್ಕೆಂದೇ ಇದೆ. 60 ವರ್ಷ ದಾಟಿದವರು ತಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನು ರದ್ದು ಮಾಡುವ ಅಧಿಕಾರ ನ್ಯಾಯಮಂಡಳಿಗೆ ಇದೆ. ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರ ಬಳಿ ಅರ್ಜಿ ಕೊಡಬೇಕು. ಆದರೆ ಷರತ್ತು ಪತ್ರದಲ್ಲೇ ಬರೆದಿರಲಿ. "ಮಗನ ಹತ್ತಿರ ಏನು ಷರತ್ತು ಸಿಸ್ಟರ್" ಎಂದು ನೀವು ಹೇಳುತ್ತೀರಿ, ಗೊತ್ತು. ಒಳ್ಳೆಯ ಮಗನಿಗೆ ಒಂದು ಸಾಲು ಹೆಚ್ಚು ಬರೆದರೆ ನಷ್ಟ ಏನಿಲ್ಲ. ಅದಕ್ಕಿಂತ ಒಳ್ಳೆಯದು, ನೀವು ಬದುಕಿರುವ ತನಕ ಮನೆ ನಿಮ್ಮ ಹೆಸರಿನಲ್ಲೇ ಇರಲಿ, ಬೇಕಾದರೆ ಮಗನ ಹೆಸರಿಗೆ ಉಯಿಲು ಬರೆದಿಡಿ. ಹಿರಿಯರಿಗೆ ಯಾವುದೇ ತೊಂದರೆ ಆದರೆ 14567 ಸಹಾಯವಾಣಿಗೆ ಫೋನ್ ಮಾಡಬಹುದು, ಅದಕ್ಕೆ ಹಣ ಇಲ್ಲ.

ಹಾಗಾದರೆ ಹೋಂಸ್ಟೇ ಬೇಡವಾ?

ಹಾಗೆ ಹೇಳಲು ನನಗೆ ಮನಸ್ಸಿಲ್ಲ. ನಮ್ಮ ಸಂಘಗಳ ಎಷ್ಟೋ ಸದಸ್ಯರು ಹೋಂಸ್ಟೇಗಳಲ್ಲಿ ಅಡುಗೆ ಮಾಡಿ, ಕೋಣೆ ಗುಡಿಸಿ, ಬೆಡ್‌ಶೀಟ್ ಒಗೆದು ಮನೆ ನಡೆಸುತ್ತಿದ್ದಾರೆ. ಉಪ್ಪಿನಕಾಯಿ, ಕಾಫಿಪುಡಿ, ಜೇನು, ಕಾಳುಮೆಣಸು ಅಲ್ಲಿಯೇ ಮಾರಾಟ ಆಗುತ್ತದೆ. ಹೋಂಸ್ಟೇ ಬಂದ ಮೇಲೆ ರಸ್ತೆಗೆ ಟಾರು ಬಂದದ್ದೂ ಉಂಟು, ಹತ್ತಿರದಲ್ಲೇ ಮೆಡಿಕಲ್ ಶಾಪ್ ಆದದ್ದೂ ಉಂಟು. ಕೈಕಾಲು ಗಟ್ಟಿಯಿರುವ ನಿವೃತ್ತರು ತಮ್ಮ ಮನೆಯ ಒಂದು ಕೋಣೆಯನ್ನೇ ಅತಿಥಿಗಳಿಗೆ ಕೊಟ್ಟು ಅಕ್ಕಿ ರೊಟ್ಟಿ, ಕಡುಬು ಮಾಡಿ ಬಡಿಸಿ ನಾಲ್ಕು ಕಾಸು ಕಂಡರೆ ತಪ್ಪೇನಿಲ್ಲ. ಆದರೆ ನೋಂದಣಿ ಮಾಡಿಸಿ, ಬಂದವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದಿಡಿ. ವಿದೇಶದವರು ಬಂದರೆ 24 ಗಂಟೆಯೊಳಗೆ ತಿಳಿಸಬೇಕು ಎಂಬ ನಿಯಮ ಇದೆ.

ಈಗಾಗಲೇ ಹೋಂಸ್ಟೇ ಪಕ್ಕದಲ್ಲಿ ವಾಸ ಇರುವವರು ಏನು ಮಾಡಬಹುದು? ಮೊದಲು ಮಾಲೀಕರ ಫೋನ್ ನಂಬರ್ ಪಡೆದುಕೊಳ್ಳಿ. ಕೀ ಕೊಡುವ ಹುಡುಗನದ್ದಲ್ಲ, ಮಾಲೀಕರದ್ದು. ಹಗಲು ಹೊತ್ತು, ಸಮಾಧಾನವಾಗಿ ಮಾತಾಡಿ. ಒಬ್ಬರೇ ಹೋಗಬೇಡಿ, ಸಂಘದ ಇಬ್ಬರನ್ನು ಕರೆದುಕೊಂಡು ಹೋಗಿ. ಶಬ್ದ ಮಾಲಿನ್ಯ ನಿಯಮ 2000ದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮಾತು ಕೇಳದಿದ್ದರೆ 112ಕ್ಕೆ ಫೋನ್ ಮಾಡಿ. ಕಸ, ಗುಂಡಿ, ಪಾರ್ಕಿಂಗ್ ವಿಷಯ ಗ್ರಾಮ ಪಂಚಾಯತಿಗೆ ಲಿಖಿತವಾಗಿ ಕೊಟ್ಟು, ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ವಾರ್ಡ್ ಸಭೆಯಲ್ಲಿ ಹತ್ತು ಹೆಂಗಸರು ಒಟ್ಟಿಗೆ ಎದ್ದು ನಿಂತು "ನಮ್ಮ ವಾರ್ಡಿನಲ್ಲಿ ನೋಂದಣಿ ಆದ ಹೋಂಸ್ಟೇ ಎಷ್ಟು, ಆಗದ್ದು ಎಷ್ಟು?" ಎಂದು ಕೇಳಿದರೆ ಪಿ.ಡಿ.ಒ. ಉತ್ತರ ಹುಡುಕಲೇಬೇಕಾಗುತ್ತದೆ. ಅಲ್ಲಿ ಕೆಲಸ ಮಾಡುವ ಸದಸ್ಯರನ್ನು ಮಾತ್ರ ಈ ಜಗಳಕ್ಕೆ ಮುಂದೆ ನಿಲ್ಲಿಸಬೇಡಿ, ಅವರ ಕೂಲಿ ಹೋಗಬಾರದು.

ಸಂಘದಲ್ಲಿ ಮಾಡುವ ಕೆಲಸ

ಮುಂದಿನ ಸಭೆಯಲ್ಲಿ ರಂಗೋಲಿ ಪುಡಿಯಿಂದ ನಿಮ್ಮ ಊರಿನ ಬೀದಿಗಳ ನಕ್ಷೆ ನೆಲದ ಮೇಲೆ ಬಿಡಿಸಿ. ಜನ ವಾಸ ಇರುವ ಮನೆಗೆ ಅರಿಶಿನ, ಯಜಮಾನರು ಇದ್ದು ನಡೆಸುವ ಹೋಂಸ್ಟೇಗೆ ಹಸಿರು ಎಲೆ, ಯಜಮಾನರಿಲ್ಲದ ಬಾಡಿಗೆ ಮನೆಗೆ ಒಂದು ಕಲ್ಲು ಇಡಿ. ಬಾವಿ, ಬೋರ್‌ವೆಲ್, ಕಡಿದ ಗುಡ್ಡ ಗುರುತು ಮಾಡಿ. ಇನ್ನು ಐದು ವರ್ಷದಲ್ಲಿ ನಿವೃತ್ತರಾಗುವ ಸದಸ್ಯರು ಯಾರು ಯಾರು, ಅವರಿಗೆ ಮನೆ ಇದೆಯಾ, ಇಲ್ಲದಿದ್ದರೆ ಈ ನಕ್ಷೆಯಲ್ಲಿ ಯಾವ ಬೀದಿ ಅವರಿಗೆ ಆಗಬಹುದು ಎಂದು ಮಾತಾಡಿ. ನಕ್ಷೆಯನ್ನು ಒಂದು ಕಾಗದಕ್ಕೆ ಇಳಿಸಿ ನಿಮ್ಮ ವಲಯದ ಕಾರ್ಯಕರ್ತೆಯ ಕೈಯಲ್ಲಿ ಕಳುಹಿಸಿಕೊಡಿ. ಒಕ್ಕೂಟದ ಸಭೆಯಲ್ಲಿ ಎಲ್ಲ ಊರಿನ ನಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡೋಣ.